ಮುಪ್ಪಿನ ಸವಾರಿಗೆ ಸಂಗಡಿಗರ ಬೆಂಬಲ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆಯನ್ನು ನಮ್ಮ ಮನೆಗಳಲ್ಲಿ ಬಹು ಸಲೀಸಾಗಿ ಆಡಿಬಿಡುತ್ತೇವೆ. ಮನೆಯ ಯಜಮಾನನಿಗೆ ಅರವತ್ತು ದಾಟಿತೆಂದರೆ ಮೊದಲು ಹೊಲದ ಲೆಕ್ಕ, ಅನಂತರ ಅಂಗಡಿಯ ಗಲ್ಲಾಪೆಟ್ಟಿಗೆ, ಕೊನೆಗೆ ಮೋಟಾರ್ ಸೈಕಲ್ಲಿನ ಬೀಗದ ಕೈ, ಹೀಗೆ ಒಂದೊಂದೇ ಅವನ ಕೈಯಿಂದ ಜಾರಿ ಮಕ್ಕಳ ಕೈ ಸೇರುತ್ತವೆ. ಮೊದಲಿನ ಎರಡನ್ನು ಆತ ಸಂತೋಷದಿಂದಲೇ ಒಪ್ಪಿಸಿಯಾನು. ಮೂರನೆಯದನ್ನು ಕೊಡುವಾಗ ಮಾತ್ರ ಮನಸ್ಸು ಹಿಂಜರಿಯುತ್ತದೆ. ಏಕೆಂದರೆ ಅದರೊಡನೆ ಸಂತೆ, ಜಾತ್ರೆ, ಗೆಳೆಯರ ಜಗಲಿ, ನೆಂಟರ ಮನೆ, ಒಟ್ಟಿನಲ್ಲಿ ತಾನಾಗಿ ಹೋಗಿ ಬರುತ್ತಿದ್ದ ಲೋಕವೇ ಹೊರಟುಹೋಗುತ್ತದೆ. ಮಕ್ಕಳ ಅಂಜಿಕೆ ಸುಳ್ಳಲ್ಲ. ಹಿರಿಯರ ಅಳಲೂ ಸುಳ್ಳಲ್ಲ. ಇವೆರಡರ ನಡುವೆ ಒಂದು ಮಾರ್ಗವುಂಟೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಇಂಥ ಮಾರ್ಗವೊಂದನ್ನು ಕಂಡುಕೊಂಡವರು ಆಸ್ಟ್ರೇಲಿಯ ದೇಶದವರು. 1983ರಲ್ಲಿ ಸ್ಟೀಫನ್ ಡಿಯರ್ನ್‌ಲಿ ಎಂಬವರ ಪ್ರೇರಣೆಯಿಂದ ಸಿಡ್ನಿ ನಗರದಲ್ಲಿ ‘ಯುಲಿಸಿಸ್ ಕ್ಲಬ್’ ಎಂಬ ಸವಾರರ ಸಂಘ ಹುಟ್ಟಿತು. ನಲವತ್ತು ತುಂಬದವರಿಗೆ ಅಲ್ಲಿ ಸದಸ್ಯತ್ವವಿಲ್ಲ. ಗ್ರೀಕ್ ಪುರಾಣದ ಯುಲಿಸಿಸ್ ದೊರೆಯು ಮುಪ್ಪಿನಲ್ಲಿ ಮತ್ತೊಮ್ಮೆ ಸಮುದ್ರಯಾನಕ್ಕೆ ಹೊರಡಬಯಸುವುದನ್ನು ಇಂಗ್ಲಿಷ್ ಕವಿ ಟೆನಿಸನ್ ವರ್ಣಿಸಿದ್ದಾನೆ. ಸಂಘದ ಹೆಸರು ಬಂದದ್ದು ಆ ಕವನದಿಂದ. ಇವರು ಪಂದ್ಯ ಕಟ್ಟಿ ಓಡಿಸುವವರಲ್ಲ. ಒಟ್ಟಾಗಿ ಊರೂರು ಸುತ್ತುವುದು, ಒಂದೆಡೆ ಕುಳಿತು ಉಣ್ಣುವುದು, ಸುಖದುಃಖ ಮಾತಾಡುವುದು, ಇವೇ ಅವರ ಕಾರ್ಯಕ್ರಮ. ಜೊತೆಗೆ ಸಂಧಿವಾತದ ಸಂಶೋಧನೆಗಾಗಿ ಹಣವನ್ನೂ ಕೂಡಿಸುತ್ತಾರೆ. ಕೀಲುನೋವನ್ನು ಉಂಡು ಬಲ್ಲವರೇ ಅದರ ಮದ್ದಿಗೆ ನೆರವಾಗುವುದು ಎಷ್ಟು ಸಹಜ!

ದೂರದ ಮಾತು ಹಾಗಿರಲಿ. ಮೋಟಾರ್ ಸೈಕಲ್ಲಿನೊಡನೆ ನಮ್ಮ ಮೈಸೂರು ಸೀಮೆಯ ಹಿರಿಯರಿಗೆ ವಿಶೇಷವಾದ ನಂಟುಂಟು. ಜೆಕೊಸ್ಲೊವಾಕಿಯದಲ್ಲಿ 1929ರಲ್ಲಿ ಹುಟ್ಟಿದ ‘ಜಾವಾ’ ವಾಹನವನ್ನು, ಅಲ್ಲಿನ ಪರವಾನಗಿ ಪಡೆದು, ಇರಾನಿ ಮನೆತನದವರು ಮೈಸೂರಿನ ಯಾದವಗಿರಿಯ ‘ಐಡಿಯಲ್ ಜಾವಾ’ ಕಾರ್ಖಾನೆಯಲ್ಲಿ ತಯಾರಿಸತೊಡಗಿದ್ದು 1961ರಲ್ಲಿ. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರೇ ಆ ಕಾರ್ಖಾನೆಯನ್ನು ಉದ್ಘಾಟಿಸಿದರು. 1973ರಿಂದ ವಾಹನ ‘ಯೆಜ್ಡಿ’ ಎಂಬ ಹೆಸರು ತಳೆಯಿತು. 1978ರಲ್ಲಿ ‘ರೋಡ್‌ಕಿಂಗ್’ ಬಂದಿತು. 1996ರಲ್ಲಿ ಕಾರ್ಖಾನೆಯ ಬಾಗಿಲೇ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮರಳಿ ಮಾರುಕಟ್ಟೆಗೆ ಬಂದವು ನಿಜ. ಆದರೆ ಅವು ಮಧ್ಯಪ್ರದೇಶದ ಪೀತಾಂಪುರದಲ್ಲಿ ತಯಾರಾದ ಫೋರ್ ಸ್ಟ್ರೋಕ್ ಎಂಜಿನ್ನಿನ ವಾಹನಗಳು. ಮೈಸೂರಿನ ಹಳೆಯ ಟೂ ಸ್ಟ್ರೋಕ್ ವಾಹನದ ಮರ್ಮವೇ ಬೇರೆ.

ಅದರ ಪೆಟ್ರೋಲಿಗೆ ತಕ್ಕ ಪ್ರಮಾಣದಲ್ಲಿ ಎಣ್ಣೆ ಬೆರೆಸಬೇಕು. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಹೊಗೆಯೆದ್ದು ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಎರಡು ಸೈಲೆನ್ಸರ್‌ಗಳ ಒಳಗೆ ಕೂಡುವ ಕರಿಯನ್ನು ಆಗಾಗ ಕೆರೆದು ತೆಗೆಯಬೇಕು. ಒದ್ದು ಚಾಲೂ ಮಾಡುವ ಕಿಕ್ಕರ್ ಅನ್ನೇ ತಿರುಗಿಸಿದರೆ ಅದು ಗೇರ್ ಹಾಕುವ ಸಾಧನವಾಗುತ್ತದೆ ಎಂಬುದನ್ನರಿಯದ ಹೊಸಬ ತಬ್ಬಿಬ್ಬಾಗುತ್ತಾನೆ. ಕಾರ್ಖಾನೆ ಮುಚ್ಚಿದ ಮೇಲೆ ಈ ವಿದ್ಯೆ ಉಳಿದದ್ದು ಹಳೆಯ ಸವಾರರ ಕೈಯಲ್ಲಿ, ಗ್ಯಾರೇಜಿನವರ ಕಿವಿಯಲ್ಲಿ. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಅಂತರರಾಷ್ಟ್ರೀಯ ಜಾವಾ ದಿನವೆಂದು ಆಚರಿಸುವ ಸವಾರರು ಬೆಂಗಳೂರು, ಮೈಸೂರುಗಳಲ್ಲಿ ನೆರೆಯುತ್ತಾರೆ. ಅಜ್ಜನ ವಾಹನವನ್ನು ಮತ್ತೆ ಓಡಿಸಬಯಸುವ ಹುಡುಗ ಅಲ್ಲಿ ಹಿರಿಯರನ್ನೇ ಹುಡುಕಿಕೊಂಡು ಬರಬೇಕು. ಮನೆಯಲ್ಲಿ ‘ನಿಮಗೇಕೆ ಇದೆಲ್ಲ’ ಎನ್ನಿಸಿಕೊಂಡವರು ಇಂಥ ಕೂಟದಲ್ಲಿ ಗುರುಸ್ಥಾನದಲ್ಲಿರುತ್ತಾರೆ.

ಹಿರಿಯ ಸವಾರರ ಕೂಟಕ್ಕೆ ನಮ್ಮ ಕಾವೇರಿ ಸೀಮೆಗಿಂತ ಹದವಾದ ದಾರಿ ಬೇರೆ ಬೇಕೆ? ಶ್ರೀರಂಗಪಟ್ಟಣದಿಂದ ಪಾಂಡವಪುರ, ಚಿನಕುರಳಿಯ ಮೇಲೆ ಕೃಷ್ಣರಾಜಪೇಟೆ, ಅಲ್ಲಿಂದ ನಾಗಮಂಗಲ, ಜಕ್ಕನಹಳ್ಳಿಯ ಮೂಲಕ ಮರಳಿ ಪಾಂಡವಪುರ, ಶ್ರೀರಂಗಪಟ್ಟಣ. ಇದು ಒಂದು ಹಗಲಿನಲ್ಲಿ ನಿಧಾನವಾಗಿ ಮುಗಿಸಬಹುದಾದ ಸುತ್ತು. ತೊಣ್ಣೂರು ಕೆರೆಯ ಏರಿಯ ಮೇಲೆ ಒಂದು ವಿಶ್ರಾಂತಿ, ಕೃಷ್ಣರಾಜಪೇಟೆಯ ಮಗ್ಗುಲಿನ ಹೊಸಹೊಳಲಿನಲ್ಲಿ ಹೊಯ್ಸಳರ ಲಕ್ಷ್ಮೀನಾರಾಯಣ ದೇಗುಲದ ದರ್ಶನ, ನಾಗಮಂಗಲದಲ್ಲಿ ಸೌಮ್ಯಕೇಶವನ ಗುಡಿ ಮತ್ತು ಲೋಹದ ವಿಗ್ರಹ ಎರಕ ಹೊಯ್ಯುವವರ ಕಾಯಕ. ಹೀಗೆ ತಂಗುತ್ತ ಸಾಗಿದರೆ ಮಂಡಿಗೂ ಸೊಂಟಕ್ಕೂ ಆರಾಮ, ಮನಸ್ಸಿಗೂ ಉಲ್ಲಾಸ. ಹಿಂದಿನ ಸೀಟಿನಲ್ಲಿ ಮನೆಯಾಕೆಯೂ ಇರಲಿ. ಸ್ಕೂಟರ್ ಓಡಿಸಬಲ್ಲ ಹಿರಿಯ ತಾಯಂದಿರು ತಾವೇ ಸವಾರರಾಗಿ ಬರಲಿ.

ಆದರೆ ಉಲ್ಲಾಸದ ಮಾತಿನಲ್ಲಿ ಅಪಾಯವನ್ನು ಮರೆಯಲಾಗದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವನ್ನು ನಿಷೇಧಿಸಲಾಯಿತು. ಸವಾರರು ಸರ್ವಿಸ್ ರಸ್ತೆಯನ್ನೇ ಹಿಡಿಯಬೇಕು. ಪಾಂಡವಪುರದ ಸುತ್ತ ಕಬ್ಬು ಅರೆಯುವ ಕಾಲದಲ್ಲಿ ಹಿಂದೀಪವಿಲ್ಲದ ಟ್ರಾಕ್ಟರ್ ಮುಸ್ಸಂಜೆಯಲ್ಲಿ ಕಣ್ಣಿಗೆ ಬೀಳುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಪೊರೆ ಕಟ್ಟುವ ಕಣ್ಣಿಗೆ ಎದುರು ವಾಹನದ ಬೆಳಕು ಕುಕ್ಕುತ್ತದೆ. ಆದುದರಿಂದ ಸೂರ್ಯ ಮುಳುಗುವ ಮುನ್ನ ಮನೆ ಸೇರುವುದು ಇಂಥ ಕೂಟದ ಮೊದಲ ನಿಯಮವಾಗಬೇಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಹೊತ್ತಿಗೆ ಸರಿಯಾಗಿ ಉಣ್ಣದೆ ಸವಾರಿ ಮಾಡಬಾರದು. ನೆಗಡಿಯ ಕೆಲವು ಮಾತ್ರೆಗಳು ತೂಕಡಿಕೆ ತರುತ್ತವೆಂಬುದೂ ನೆನಪಿರಲಿ. ಮುಂದಿನವನ ವೇಗವಲ್ಲ, ಎಲ್ಲರಿಗಿಂತ ಹಿಂದಿರುವವನ ವೇಗವೇ ಗುಂಪಿನ ವೇಗವಾಗಲಿ. ಮುಂದೆ ಕುಳಿತವರಿಗೂ ಹಿಂದೆ ಕುಳಿತವರಿಗೂ ಹೆಲ್ಮೆಟ್ ಕಡ್ಡಾಯ.

ಕಾನೂನು ಸಹ ಇಲ್ಲಿ ವಿವೇಕದಿಂದಲೇ ನಡೆದಿದೆ. 55 ದಾಟಿದವರಿಗೆ ಚಾಲನಾ ಪರವಾನಗಿ ಒಂದು ಸಲಕ್ಕೆ 5 ವರ್ಷ ಮಾತ್ರ. ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. 15 ವರ್ಷ ಕಳೆದ ಸ್ವಂತ ವಾಹನದ ನೋಂದಣಿಯನ್ನೂ ಪರೀಕ್ಷೆಯ ಬಳಿಕ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಮನುಷ್ಯನಿಗೂ ಯಂತ್ರಕ್ಕೂ ಕಾನೂನು ‘ಮುಪ್ಪಾಯಿತು, ಸಾಕು’ ಎನ್ನುವುದಿಲ್ಲ. ‘ಪರೀಕ್ಷಿಸಿ ನೋಡೋಣ’ ಎನ್ನುತ್ತದೆ. ಮನೆಯವರೂ ಇದೇ ಕ್ರಮವನ್ನು ಅನುಸರಿಸಬಾರದೇಕೆ?

ಕಿರಿಯರಲ್ಲಿ ನಮ್ಮ ಅರಿಕೆ ಇಷ್ಟೆ: ಬೀಗದ ಕೈಯನ್ನು ಬಚ್ಚಿಡಬೇಡಿ. ತಂದೆಯವರನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ಯಿರಿ, ಬ್ರೇಕು ಟೈರುಗಳನ್ನು ಸರಿಪಡಿಸಿಕೊಡಿರಿ, ಒಬ್ಬಂಟಿಯಾಗಿ ಹೋಗುವ ಬದಲು ನಾಲ್ವರು ಸಮವಯಸ್ಕರೊಡನೆ ಹೋಗುವಂತೆ ಏರ್ಪಾಡು ಮಾಡಿರಿ. ಹಿರಿಯರಲ್ಲಿಯೂ ಒಂದು ಮಾತು: ಕಣ್ಣು ಮಂಜಾದಾಗ, ಕಾಲು ನೆಲಕ್ಕೆ ಗಟ್ಟಿಯಾಗಿ ಊರದಾದಾಗ, ಅದನ್ನು ಮಕ್ಕಳು ಹೇಳುವ ಮುನ್ನ ಸಂಗಡಿಗರು ಹೇಳುತ್ತಾರೆ. ಮಕ್ಕಳ ಮಾತು ಚುಚ್ಚೀತು. ಓರಗೆಯವರ ಮಾತು ನಾಟುತ್ತದೆ. ಆಗ ತಾವಾಗಿಯೇ ಬೀಗದ ಕೈಯನ್ನು ಮನೆಯವರ ಕೈಗಿಡಬೇಕು. ಇಂಥ ಕೂಟದ ದೊಡ್ಡ ಉಪಕಾರವೆಂದರೆ, ಸವಾರಿ ಬಿಟ್ಟವನನ್ನು ಅದು ಬಿಡುವುದಿಲ್ಲ. ಮುಂದಿನ ಭಾನುವಾರ ಆತ ಗೆಳೆಯನ ಹಿಂದಿನ ಸೀಟಿನಲ್ಲಿ ಕುಳಿತು ಬರಬಹುದು; ಬಿಡಾರದಲ್ಲಿ ಹುಡುಗರಿಗೆ ಎಣ್ಣೆಯ ಹದವನ್ನು ಹೇಳಿಕೊಡಬಹುದು. ವಾಹನ ಕೈಬಿಟ್ಟರೂ ಬಳಗ ಕೈಬಿಡದಂತೆ ಈಗಿನಿಂದಲೇ ನೋಡಿಕೊಳ್ಳುವುದು ಪ್ರತಿಯೊಂದು ಮನೆಯ ಕರ್ತವ್ಯ.