‘ಮೇಕ್ ಅಪ್’: ಒಂದು ಇಂಗ್ಲಿಷ್ ಕ್ರಿಯಾಪದವೂ ಚೀನೀ ವಿದ್ಯಾರ್ಥಿಯ ತೊಡಕೂ

ಡಾಕ್ಟರ್ ಜಾನ್ಸನ್ನನು 1755ರಲ್ಲಿ ಪ್ರಕಟಿಸಿದ ತನ್ನ ಇಂಗ್ಲಿಷ್ ನಿಘಂಟಿನ ಪೀಠಿಕೆಯಲ್ಲಿ, ಕ್ರಿಯಾಪದಕ್ಕೆ ಕಿರಿದಾದ ಅವ್ಯಯವೊಂದು ಸೇರಿ ಅರ್ಥವನ್ನೇ ಮಾರ್ಪಡಿಸುವ ರಚನೆಯು ಪರದೇಶೀಯರಿಗೆ ಬಹಳ ಕಷ್ಟಕರವೆಂದು ಹೇಳಿದ್ದಾನೆ. ಈ ರಚನೆಯನ್ನು ‘ಫ್ರೇಸಲ್ ವರ್ಬ್’ ಎಂದು ಕರೆಯುವ ವಾಡಿಕೆಯು ಲೋಗನ್ ಪಿಯರ್ಸಾಲ್ ಸ್ಮಿತ್ತನ 1925ರ ಗ್ರಂಥದಿಂದೀಚೆಗೆ ಹರಡಿತು. ಈ ತೊಡಕಿನ ಸ್ವರೂಪವನ್ನು ಚೀನೀಯರ ದೃಷ್ಟಿಯಿಂದ, ‘ಮೇಕ್ ಅಪ್’ ಎಂಬ ಒಂದೇ ಉದಾಹರಣೆಯ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

‘ಮೇಕ್’ ಎಂದರೆ ಮಾಡು, ‘ಅಪ್’ ಎಂದರೆ ಮೇಲೆ. ಎರಡೂ ಸೇರಿದಾಗ ‘ಮೇಲೆ ಮಾಡು’ ಎಂಬ ಅರ್ಥವು ಬರುವುದಿಲ್ಲ. ಹನ್ನೊಂದು ಜನ ಸೇರಿ ತಂಡವಾಗುವುದು, ಕೊರತೆಯನ್ನು ತುಂಬುವುದು, ಇಲ್ಲದ ಕತೆಯನ್ನು ಹೆಣೆಯುವುದು, ಜಗಳವಾಡಿದವರು ರಾಜಿಯಾಗುವುದು, ಮುಖಕ್ಕೆ ಬಣ್ಣ ಹಚ್ಚುವುದು, ಮನಸ್ಸನ್ನು ಗಟ್ಟಿಮಾಡಿಕೊಳ್ಳುವುದು – ಈ ಆರಕ್ಕೂ ‘ಮೇಕ್ ಅಪ್’ ಸಲ್ಲುತ್ತದೆ. ಚೀನೀ ಭಾಷೆಯಲ್ಲಾದರೋ ಇವಕ್ಕೆ ಬೇರೆಬೇರೆ ಮಾತುಗಳಿವೆ: ತಂಡವಾಗುವುದು ‘ಜುಚೆಂಗ್’, ಕತೆ ಹೆಣೆಯುವುದು ‘ಬಿಯೆನ್‌ಜಾವೊ’, ರಾಜಿಯಾಗುವುದು ‘ಹಹಾವೊ’, ಬಣ್ಣ ಹಚ್ಚುವುದು ‘ಹ್ವಾಜ್ವಾಂಗ್’. ಕೊರತೆ ತುಂಬುವುದಕ್ಕೆ ‘ಬು ಷಾಂಗ್’ ಎನ್ನುವುದುಂಟು. ಇದರಲ್ಲಿ ‘ಷಾಂಗ್’ ಎಂದರೆ ಮೇಲೆ. ಆದರೆ ಮನಸ್ಸನ್ನು ಗಟ್ಟಿಮಾಡುವುದು ‘ಶಿಯಾ ಜುಯೆಶಿನ್’; ಇಲ್ಲಿಯ ‘ಶಿಯಾ’ ಎಂದರೆ ಕೆಳಗೆ! ಇಂಗ್ಲಿಷಿನವನ ನಿರ್ಧಾರವು ಮೇಲಕ್ಕೇರಿದರೆ ಚೀನೀಯನದು ಕೆಳಗಿಳಿಯುತ್ತದೆ. ‘ಅಪ್’ ಎಂಬುದು ಇಲ್ಲಿ ದಿಕ್ಕನ್ನಲ್ಲ, ಕಾರ್ಯದ ಪೂರ್ಣತೆಯನ್ನು ಸೂಚಿಸುತ್ತದೆಂದು ತಿಳಿದಾಗಲೇ ಈ ವಿರೋಧವು ಪರಿಹಾರವಾಗುವುದು.

ಅರ್ಥಭೇದವನ್ನರಿಯದಿದ್ದರೆ ಆಗುವ ಹಾನಿಯು ಅಲ್ಪವಲ್ಲ. ಲೆಕ್ಕಗಳನ್ನು ಮಾರ್ಚ್ 31ರವರೆಗೆ ‘ಮೇಕ್ ಅಪ್’ ಮಾಡಲಾಗಿದೆಯೆಂಬುದು ಕಂಪೆನಿಗಳ ವ್ಯವಹಾರದಲ್ಲಿ ನಿರ್ದುಷ್ಟವಾದ ಮಾತು. ಆ ದಿನದವರೆಗಿನ ಲೆಕ್ಕವು ಸಿದ್ಧವಾಗಿದೆಯೆಂದಷ್ಟೇ ಅದರ ಅರ್ಥ. ನಗದಿನ ಕೊರತೆಯನ್ನು ‘ಮೇಕ್ ಅಪ್’ ಮಾಡಿದೆನೆಂದರೆ ಹಣ ತುಂಬಿಕೊಟ್ಟ ಪ್ರಾಮಾಣಿಕನ ಮಾತು. ಅಂಕಿಗಳನ್ನು ‘ಮೇಕ್ ಅಪ್’ ಮಾಡಿದೆನೆಂದರೋ, ಸುಳ್ಳು ಲೆಕ್ಕ ಬರೆದೆನೆಂಬ ತಪ್ಪೊಪ್ಪಿಗೆ! ಕ್ರಿಯಾಪದವು ಒಂದೇ, ಕರ್ಮಪದವು ಬದಲಾದೊಡನೆ ನಿರಪರಾಧಿಯು ಅಪರಾಧಿಯಾಗುತ್ತಾನೆ.

ಪದಗಳ ಕ್ರಮವು ಎರಡನೆಯ ತೊಡಕು. ಚೀನೀಯಲ್ಲಿಯೂ ಕ್ರಿಯೆಗೆ ಫಲಸೂಚಕವಾದ ಪದವನ್ನು ಜೋಡಿಸುವ ಪದ್ಧತಿಯಿದೆ. ‘ಖಾನ್ ವಾನ್’ ಎಂದರೆ ಓದಿ ಮುಗಿಸು. ಪುಸ್ತಕವೆಂಬರ್ಥದ ‘ಷು’ ಈ ಜೋಡಿಯ ಅನಂತರ ಬರಬೇಕೇ ಹೊರತು ನಡುವೆ ಬರಲಾಗದು. ಇಂಗ್ಲಿಷಿನಲ್ಲಿ ‘ಮೇಕ್ ಅಪ್ ದ ಲಾಸ್’, ‘ಮೇಕ್ ದ ಲಾಸ್ ಅಪ್’ ಎರಡೂ ಸಾಧು. ಆದರೆ ಸರ್ವನಾಮವು ನಡುವೆಯೇ ಕೂಡಬೇಕು. ‘ಮೇಕ್ ಇಟ್ ಅಪ್’ ಎನ್ನಬೇಕು, ‘ಮೇಕ್ ಅಪ್ ಇಟ್’ ಎನ್ನಬಾರದು. ‘ಫಾರ್’ ಸೇರಿದಾಗ ‘ಮೇಕ್ ಅಪ್ ಫಾರ್ ಇಟ್’ ಎಂದು ಪುನಃ ಕೊನೆಗೆ ಹೋಗುತ್ತದೆ.

ಇಂಥ ಕಡೆ ವಿದ್ಯಾರ್ಥಿಯು ಸುಲಭೋಪಾಯವನ್ನು ಹುಡುಕುವುದು ಸಹಜ. ಲಿಯಾವೊ ಮತ್ತು ಫುಕುಯಾ ಎಂಬ ವಿದ್ವಾಂಸರು 70 ಮಂದಿ ಚೀನೀ ವಿದ್ಯಾರ್ಥಿಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮಧ್ಯಮ ಹಂತದವರು ಇಂಥ ಕ್ರಿಯಾಪದಗಳನ್ನು ತೊರೆದು ಒಂಟಿ ಪದಗಳಿಗೆ ಒಲಿಯುವರೆಂದೂ ಪ್ರೌಢರು ಇಂಗ್ಲಿಷರ ಬಳಕೆಗೆ ಸಮೀಪಿಸುವರೆಂದೂ ತೋರಿಸಿದ್ದಾರೆ. ತೊರೆಯುವುದರಿಂದ ತಪ್ಪು ತಪ್ಪೀತು; ಆದರೆ ಮಾತು ಗ್ರಾಂಥಿಕವಾಗುತ್ತದೆ, ಪರರ ಮಾತು ತಿಳಿಯದೆ ಹೋಗುತ್ತದೆ.

ಕನ್ನಡಿಗರಿಗೆ ಇದು ಅಪರಿಚಿತವಾದ ಸಮಸ್ಯೆಯೇನೂ ಅಲ್ಲ. ನಾವು ಮನೆ ಕಟ್ಟುತ್ತೇವೆ, ಹಣ ಕಟ್ಟುತ್ತೇವೆ, ಕತೆಯನ್ನೂ ಕಟ್ಟುತ್ತೇವೆ, ಮೂಗೂ ಕಟ್ಟುತ್ತದೆ. ಕನ್ನಡ ಕಲಿಯಬಂದ ಚೀನೀಯನು ಇದನ್ನು ಕೇಳಿ ಬೆರಗಾದರೆ ಆಶ್ಚರ್ಯವಿಲ್ಲ. ಕರ್ಮಪದವನ್ನು ನೋಡಿ ಅರ್ಥವನ್ನು ನಿಶ್ಚಯಿಸೆಂದೇ ನಾವು ಅವನಿಗೆ ಹೇಳಬೇಕು. ‘ಮೇಕ್ ಅಪ್’ ಕಲಿಸುವವರಿಗೂ ಇದೇ ದಾರಿ: ಆರು ಅರ್ಥಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಕತೆ, ಕೊರತೆ, ಮುಖ, ಮನಸ್ಸು ಎಂಬ ಜೊತೆಗಾರ ಪದಗಳೊಡನೆಯೇ ಅದನ್ನು ಪರಿಚಯಿಸುವುದು ಲೇಸು. ಪದದ ಅರ್ಥವು ಅದರ ಸಹವಾಸದಿಂದ ತಿಳಿಯುತ್ತದೆ.