ರಣರಂಗವು ಮನೆಯಂಗಳಕ್ಕೆ ಬಂದಾಗ

ಯುದ್ಧವೆಂದೊಡನೆ ಊರಿನಿಂದ ದೂರದ ಬಯಲಿನಲ್ಲಿ ಎರಡು ಸೇನೆಗಳು ಎದುರುಬದುರಾಗಿ ಕಾದಾಡುವ ಚಿತ್ರವೇ ನಮ್ಮ ಹಿರಿಯರ ಕಣ್ಣ ಮುಂದೆ ನಿಲ್ಲುತ್ತಿತ್ತು. ಸೈನಿಕನದು ಗಡಿ, ಒಕ್ಕಲಿಗನದು ಹೊಲ, ಮನೆಯೊಡತಿಯದು ಒಲೆ ಎಂಬುದು ಅವರ ಎಣಿಕೆ. ಇಪ್ಪತ್ತನೆಯ ಶತಮಾನದ ಬಾಂಬು ವಿಮಾನಗಳು ಈ ಗೆರೆಯನ್ನು ಮಸುಕಾಗಿಸಿದವು. ನಮ್ಮ ಕಾಲದ ಗಣಕಯಂತ್ರ, ಅಂತರಜಾಲ ಹಾಗೂ ಮೊಬೈಲುಗಳು ಅದನ್ನು ಬಹುಮಟ್ಟಿಗೆ ಅಳಿಸಿಯೇ ಹಾಕಿವೆ. ಈ ಮಾತನ್ನು ಮನಗಾಣಬೇಕಾದರೆ ಉಕ್ರೇನ್ ದೇಶದ ಅನುಭವವನ್ನು ಗಮನಿಸಬೇಕು.

ಉಕ್ರೇನ್ ನಮಗೆ ತೀರ ಅಪರಿಚಿತ ದೇಶವೇನಲ್ಲ. ವೈದ್ಯಕೀಯ ಶಿಕ್ಷಣಕ್ಕಾಗಿ ಕರ್ನಾಟಕದ ಎಷ್ಟೋ ಮನೆಗಳ ಮಕ್ಕಳು ಅಲ್ಲಿಗೆ ಹೋಗಿದ್ದರು. 2022ರ ಫೆಬ್ರವರಿ 24ರಂದು ರಷ್ಯಾ ಪೂರ್ಣ ಪ್ರಮಾಣದ ಆಕ್ರಮಣ ನಡೆಸಿದಾಗ ಆ ಮಕ್ಕಳು ನೆಲಮಾಳಿಗೆಗಳಲ್ಲಿ ಆಶ್ರಯ ಪಡೆದು, ಮೊಬೈಲಿನಲ್ಲಿ ತಂದೆತಾಯಿಗಳೊಡನೆ ಮಾತನಾಡುತ್ತಿದ್ದುದನ್ನು ನಾವೆಲ್ಲ ಕಂಡೆವು. ನಮ್ಮ ನಾಡಿನ ವಿದ್ಯಾರ್ಥಿಯೊಬ್ಬನು ಖಾರ್ಕಿವ್ ನಗರದಲ್ಲಿ ಪ್ರಾಣವನ್ನೇ ತೆತ್ತನು. ಅಂದು ಹೆತ್ತವರಿಗೂ ಮಕ್ಕಳಿಗೂ ನಡುವೆ ಉಳಿದಿದ್ದ ಏಕೈಕ ಸೇತುವೆಯೆಂದರೆ ಅಂಗೈಯಗಲದ ಆ ಯಂತ್ರವೇ.

ದೀಪವನ್ನಾರಿಸಿದ ಕಾಣದ ಕೈ

ಗುಂಡಿನ ಸದ್ದಿಲ್ಲದೆಯೂ ಯುದ್ಧವು ಮನೆಯನ್ನು ಹೊಗಬಲ್ಲುದೆಂಬುದು ಆ ದೇಶಕ್ಕೆ ಮೊದಲೇ ತಿಳಿದಿತ್ತು. 2015ರ ಡಿಸೆಂಬರ್ 23, ಕೊರೆಯುವ ಚಳಿಗಾಲ. ಪಶ್ಚಿಮ ಉಕ್ರೇನಿನ ವಿದ್ಯುತ್ ಸಂಸ್ಥೆಯೊಂದರ ನೌಕರನ ಕಣ್ಣೆದುರಿಗೇ ಗಣಕಯಂತ್ರದ ಪರದೆಯ ಮೇಲಿನ ಬಾಣದ ಗುರುತು ತನ್ನಷ್ಟಕ್ಕೆ ತಾನೇ ಚಲಿಸತೊಡಗಿತು. ಒಂದಾದ ಮೇಲೊಂದರಂತೆ ಉಪಕೇಂದ್ರಗಳ ಸ್ವಿಚ್ಚುಗಳು ಆರಿದವು. ಸುಮಾರು 2,25,000 ಗ್ರಾಹಕರು ಕತ್ತಲೆಯಲ್ಲಿ ಮುಳುಗಿದರು. ಜನರು ದೂರು ಹೇಳದಂತೆ ಸಂಸ್ಥೆಯ ದೂರವಾಣಿಗೂ ಸುಳ್ಳು ಕರೆಗಳನ್ನು ತುಂಬಿಸಲಾಗಿತ್ತು. ಶತ್ರುವು ಒಳಗೆ ನುಗ್ಗಿದ ದಾರಿಯಾದರೂ ಯಾವುದು? ತಿಂಗಳುಗಳ ಹಿಂದೆ ನೌಕರರಿಗೆ ಬಂದಿದ್ದ, ನಂಬಿಕೆ ಹುಟ್ಟಿಸುವಂಥ ಇ-ಮೇಲ್ ಪತ್ರ!

ಕೆಲವೇ ಗಂಟೆಗಳಲ್ಲಿ ದೀಪಗಳು ಮರಳಿ ಬೆಳಗಿದವು. ಅದಕ್ಕೆ ಕಾರಣ ಹೊಸ ಯಂತ್ರವಲ್ಲ, ಹಳೆಯ ವಿದ್ಯೆ. ನೌಕರರು ವಾಹನಗಳನ್ನೇರಿ ಉಪಕೇಂದ್ರಗಳಿಗೆ ಧಾವಿಸಿ, ಕೈಯಿಂದಲೇ ಸ್ವಿಚ್ಚುಗಳನ್ನು ಹಾಕಿದರು. ಕೈಕೆಲಸವನ್ನು ಅವರು ಮರೆತಿರಲಿಲ್ಲ.

ಇಂಥ ಕಿಚ್ಚು ಹಚ್ಚಿದವನ ಅಂಕೆಯಲ್ಲಿಯೂ ಉಳಿಯುವುದಿಲ್ಲ. 2017ರ ಜೂನ್ 27ರಂದು ಉಕ್ರೇನಿನ ತೆರಿಗೆ ಲೆಕ್ಕಪತ್ರದ ತಂತ್ರಾಂಶವೊಂದರ ಮೂಲಕ ಹರಿಯಬಿಟ್ಟ 'ನಾಟ್‌ಪೆಟ್ಯಾ' ಎಂಬ ದುಷ್ಟ ತಂತ್ರಾಂಶವು ದೇಶದ ಗಡಿಗಳನ್ನು ಲೆಕ್ಕಿಸದೆ ಹಬ್ಬಿತು. ಡೆನ್ಮಾರ್ಕಿನ ಹಡಗು ಸಂಸ್ಥೆ ಮೇರ್ಸ್ಕ್ ಅದರಿಂದ ಬಹು ದೊಡ್ಡ ನಷ್ಟ ಅನುಭವಿಸಿತು. ಮುಂಬಯಿಯ ಬಳಿಯ ಜವಾಹರಲಾಲ್ ನೆಹರೂ ಬಂದರಿನ ಒಂದು ಟರ್ಮಿನಲ್ಲಿನಲ್ಲಿಯೂ ಸರಕು ಸಾಗಣೆ ಅಸ್ತವ್ಯಸ್ತವಾಯಿತು. ಯಾರದೋ ಜಗಳದ ಕಿಡಿ ನಮ್ಮ ಕಣಜದ ಬಾಗಿಲಿಗೂ ಬಂದು ಬಿದ್ದಿತ್ತು.

ಒಂದೇ ಯಂತ್ರ, ಎರಡು ಮುಖ

ಹಾಗೆಂದು ಯಂತ್ರವನ್ನೇ ಹಳಿಯುವುದು ನ್ಯಾಯವಲ್ಲ. 2022ರ ಮಾರ್ಚ್‌ನಿಂದ ಉಕ್ರೇನಿನ ಜನರಿಗೆ ವಾಯುದಾಳಿಯ ಮುನ್ಸೂಚನೆಯು ಮೊಬೈಲಿನಲ್ಲಿಯೇ ಮೊಳಗುತ್ತಿದೆ. ಆ ಸದ್ದು ಕೇಳಿ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಆಶ್ರಯತಾಣಗಳಿಗೆ ಓಡುತ್ತಾರೆ. 2020ರಲ್ಲಿ ಆರಂಭವಾದ 'ದಿಯಾ' ಎಂಬ ಸರಕಾರಿ ಸೇವೆಯು ಮನೆಮಠ ಬಿಟ್ಟು ಬಂದವರಿಗೆ ಗುರುತಿನ ಪತ್ರವಾಯಿತು, ಸಹಾಯಧನದ ದಾರಿಯಾಯಿತು. ಉರುಳಿದ ಮನೆಗೆ ಪರಿಹಾರ ಕೇಳುವ ಅರ್ಜಿಯೂ ಆಯಿತು.

ಆದರೆ ಅದೇ ಮೊಬೈಲಿನಿಂದ ಶತ್ರುಸೇನೆಯ ಚಲನವಲನದ ಸುದ್ದಿಯನ್ನು ತನ್ನ ಸೇನೆಗೆ ಕಳುಹಿಸುವ ವ್ಯವಸ್ಥೆಯನ್ನೂ ಸರಕಾರವು ಜನರಿಗೆ ಒದಗಿಸಿತು. ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಯುದ್ಧದಲ್ಲಿ ನೇರವಾಗಿ ಪಾಲ್ಗೊಳ್ಳುವ ನಾಗರಿಕನು ಅಷ್ಟು ಹೊತ್ತು ದಾಳಿಯಿಂದ ತನಗಿರುವ ರಕ್ಷಣೆಯನ್ನು ಕಳೆದುಕೊಳ್ಳುತ್ತಾನೆಂದು 1977ರ ಜಿನೀವಾ ಪೂರಕ ಒಪ್ಪಂದ ಹೇಳುತ್ತದೆ. ಕಿಟಕಿಯಿಂದ ಟ್ಯಾಂಕಿನ ಚಿತ್ರ ತೆಗೆದು ಕಳುಹಿಸುವ ಮುದುಕನು ನಾಗರಿಕನೋ, ಸೈನಿಕನೋ? ಮನೆಯಲ್ಲಿಯೇ ಕುಳಿತು ಪರದೇಶದ ಗಣಕಯಂತ್ರಗಳಿಗೆ ಲಗ್ಗೆ ಹಾಕುವ ತರುಣನೋ? ಈ ಗೊಂದಲವನ್ನು ಕಂಡೇ ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ತಜ್ಞರು 2023ರ ಅಕ್ಟೋಬರಿನಲ್ಲಿ ಅಂಥವರಿಗಾಗಿ ಎಂಟು ನಿಯಮಗಳನ್ನು ಪ್ರಕಟಿಸಿದರು. ನಾಗರಿಕರ ಸೊತ್ತಿನ ಮೇಲೆ ದಾಳಿ ಮಾಡಕೂಡದು, ಆಸ್ಪತ್ರೆಗಳನ್ನು ಮುಟ್ಟಕೂಡದು ಎಂಬುವು ಅವುಗಳಲ್ಲಿ ಸೇರಿವೆ.

ಕಾಯುವ ಯಂತ್ರವೇ ಕೊಲ್ಲಿಸಲೂಬಹುದು. 2023ರ ಹೊಸವರುಷದ ಮೊದಲ ಗಳಿಗೆಯಲ್ಲಿಯೇ ಮಕೀವ್ಕಾ ಪಟ್ಟಣದಲ್ಲಿ ರಷ್ಯದ ಸೈನಿಕರು ತಂಗಿದ್ದ ಕಟ್ಟಡವು ಕ್ಷಿಪಣಿಗೆ ತುತ್ತಾಯಿತು. ತನ್ನ 89 ಸೈನಿಕರು ಸತ್ತರೆಂದು ರಷ್ಯದ ರಕ್ಷಣಾ ಇಲಾಖೆ ಒಪ್ಪಿಕೊಂಡಿತು. ಸೈನಿಕರು ನಿಷೇಧವನ್ನು ಮೀರಿ ಮೊಬೈಲು ಬಳಸಿದುದೇ ಮುಖ್ಯ ಕಾರಣವೆಂದು ಹೇಳಿತು. ಅದೇ ವರುಷದ ಡಿಸೆಂಬರ್ 12ರಂದು, ಸುಮಾರು 2.4 ಕೋಟಿ ಮೊಬೈಲ್ ಗ್ರಾಹಕರುಳ್ಳ ಉಕ್ರೇನಿನ ಕೈವ್‌ಸ್ಟಾರ್ ಸಂಸ್ಥೆಯ ಜಾಲವನ್ನು ದಾಳಿಕೋರರು ಕೆಡಿಸಿದರು. ಕರೆಗಳಷ್ಟೇ ಅಲ್ಲ, ಕೆಲವೆಡೆ ವಾಯುದಾಳಿಯ ಎಚ್ಚರಿಕೆಯ ವ್ಯವಸ್ಥೆಯೂ ಕೆಟ್ಟಿತು.

ಬೀದಿಯ ಮೇಲೆ ಬಲೆ

ಮದುವೆಯ ಮೆರವಣಿಗೆಯ ಚಿತ್ರ ತೆಗೆಯುವ, ಹೊಲಕ್ಕೆ ಔಷಧ ಸಿಂಪಡಿಸುವ ಡ್ರೋನುಗಳನ್ನು ನಾವು ನಮ್ಮ ಊರುಗಳಲ್ಲಿಯೂ ಕಂಡಿದ್ದೇವೆ. ಅದರ ದಾಯಾದಿಯೇ ಉಕ್ರೇನಿನ ರಣರಂಗದಲ್ಲಿ ಯಮದೂತನಾಗಿದೆ. ಕೆಲವು ನೂರು ಡಾಲರುಗಳ ಈ ಯಂತ್ರವು ಕೋಟ್ಯಂತರ ರೂಪಾಯಿಯ ಟ್ಯಾಂಕನ್ನು ಸುಡಬಲ್ಲುದು. ರೇಡಿಯೋ ಅಲೆಗಳನ್ನು ತಡೆದು ಅದನ್ನು ಕೆಡವುವ ಉಪಾಯ ಕಂಡುಹಿಡಿದೊಡನೆ, ಕೂದಲೆಳೆಯಂಥ ಗಾಜಿನ ತಂತುವನ್ನು ಬಿಚ್ಚಿಕೊಳ್ಳುತ್ತ ಹಾರುವ ಡ್ರೋನುಗಳು ಬಂದವು. ಅಲ್ಲಿನ ಹೊಲಗಳಲ್ಲಿ ಇಂದು ಆ ತಂತುಗಳು ಜೇಡರ ಬಲೆಯಂತೆ ಹರಡಿಕೊಂಡಿವೆ.

ನೀಪರ್ ನದಿಯ ದಡದ ಖೆರ್ಸೋನ್ ನಗರದ ಗತಿ ಇನ್ನೂ ದಾರುಣ. ಆಚೆ ದಡದಿಂದ ಹಾರಿಬರುವ ಡ್ರೋನುಗಳು ಸಂತೆಗೆ ಹೋಗುವವರನ್ನು, ಬಸ್ಸುಗಳನ್ನು, ಆಂಬುಲೆನ್ಸುಗಳನ್ನು ಅಟ್ಟಿಸಿಕೊಂಡು ಬಂದಿವೆ. ದೂರದಲ್ಲಿ ಕುಳಿತ ಚಾಲಕನಿಗೆ ಕ್ಯಾಮೆರಾದಲ್ಲಿ ಎದುರಿನವನು ನಿರಾಯುಧನೆಂದು ಸ್ಪಷ್ಟವಾಗಿ ಕಾಣುತ್ತದೆ. ಆದರೂ ಕೈ ಹಿಂಜರಿಯುವುದಿಲ್ಲ. ಈ ಕೊಲೆಗಳು ಮಾನವಕುಲದ ವಿರುದ್ಧದ ಅಪರಾಧಗಳೆಂದು ವಿಶ್ವಸಂಸ್ಥೆಯ ತನಿಖಾ ಆಯೋಗವು 2025ರ ಮೇ ತಿಂಗಳಲ್ಲಿ ತೀರ್ಮಾನಿಸಿತು. ಜನರು ತಮ್ಮ ಬೀದಿಗಳ ಮೇಲೆ ಮೀನು ಹಿಡಿಯುವ ಬಲೆಗಳನ್ನು ಚಪ್ಪರದಂತೆ ಕಟ್ಟಿಕೊಂಡು, ಅದರಡಿಯಲ್ಲಿ ಬಾಳುತ್ತಿದ್ದಾರೆ.

ಸುಳ್ಳೆಂಬ ಅಸ್ತ್ರ

2022ರ ಮಾರ್ಚ್ 16ರಂದು ಉಕ್ರೇನಿನ ಅಧ್ಯಕ್ಷ ಝೆಲೆನ್ಸ್ಕಿಯವರು ಶಸ್ತ್ರ ಕೆಳಗಿಡುವಂತೆ ಸೈನಿಕರಿಗೆ ಹೇಳುತ್ತಿರುವ ವೀಡಿಯೊ ಒಂದು ಹರಡಿತು. ಮುಖ ಅವರದೇ, ಮಾತು ಅವರದಲ್ಲ. ಅದು ಯಂತ್ರವು ಹೆಣೆದ ಸುಳ್ಳು. ಅವರು ಒಡನೆಯೇ ನಿಜವಾದ ವೀಡಿಯೊದಲ್ಲಿ ಕಾಣಿಸಿಕೊಂಡು ಅದನ್ನು ಅಲ್ಲಗಳೆದರು.

ಇದು ಪರದೇಶದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. 2025ರ ಮೇ ತಿಂಗಳಲ್ಲಿ 'ಆಪರೇಷನ್ ಸಿಂಧೂರ'ದ ದಿನಗಳಲ್ಲಿ ನಮ್ಮ ಗಡಿಯತ್ತ ನೂರಾರು ಡ್ರೋನುಗಳು ಬಂದವು. ಅದೇ ವೇಳೆಗೆ ನಮ್ಮ ಮನೆಮನೆಯ ಮೊಬೈಲುಗಳಿಗೆ ನೂರಾರು ಸುಳ್ಳುಗಳೂ ಬಂದವು. ಆಟದ ತಂತ್ರಾಂಶದ ದೃಶ್ಯಗಳನ್ನೇ ನಿಜವಾದ ಕಾಳಗವೆಂದು ನಂಬಿ ಹಂಚಿದವರು ಎಷ್ಟು ಮಂದಿ! ಡ್ರೋನನ್ನು ಕೆಡವುವುದು ಸೇನೆಯ ಕೆಲಸ. ಸುಳ್ಳನ್ನು ಕೆಡವುವುದು ಮಾತ್ರ ನಮ್ಮ ನಿಮ್ಮ ಕೈಯಲ್ಲಿದೆ.

ಬಂಧುಗಳೇ, ಹಾಗಾದರೆ ಗೃಹಸ್ಥರಾದ ನಾವು ಮಾಡಬೇಕಾದುದೇನು? ಸುದ್ದಿಯ ಮೂಲ ತಿಳಿಯದೆ ಮುಂದಕ್ಕೆ ಕಳುಹಿಸದಿರೋಣ. ಸೇನೆಯ ವಾಹನಗಳ ಚಿತ್ರ ತೆಗೆದು ಹಂಚುವುದು ದೇಶಭಕ್ತಿಯಲ್ಲವೆಂದು ಮಕ್ಕಳಿಗೆ ತಿಳಿಹೇಳೋಣ. ಗುರುತಿಲ್ಲದವರ ಪತ್ರವನ್ನು, ಕೊಂಡಿಯನ್ನು ತೆರೆಯದಿರೋಣ. ಮನೆಯವರ ದೂರವಾಣಿ ಸಂಖ್ಯೆಗಳನ್ನು ಕಾಗದದಲ್ಲಿ ಬರೆದಿಡೋಣ; ಒಂದು ರೇಡಿಯೋ, ಒಂದು ಟಾರ್ಚು ಕೈಗೆಟುಕುವಂತಿರಲಿ.

ಅಂದು ಉಕ್ರೇನಿನ ಕತ್ತಲೆಯನ್ನು ಕಳೆದದ್ದು ಕೈಯಿಂದ ಸ್ವಿಚ್ಚು ಹಾಕಬಲ್ಲ ಸಾಮಾನ್ಯ ನೌಕರರು. ಯಂತ್ರವನ್ನು ಬಳಸುವುದು ತಪ್ಪಲ್ಲ. ಅದಿಲ್ಲದೆ ಬಾಳುವ ಬಗೆಯನ್ನು ಮರೆಯುವುದು ತಪ್ಪು. ರಣರಂಗವು ನಮ್ಮ ಅಂಗೈಗೇ ಬಂದಿರುವಾಗ, ಆ ಅಂಗೈಯನ್ನು ಅಂಕೆಯಲ್ಲಿಡುವ ವಿವೇಕವನ್ನು ಪ್ರತಿಯೊಂದು ಮನೆಯೂ ಬೆಳೆಸಿಕೊಳ್ಳಬೇಕಾಗಿದೆ.