ಶುಲ್ಕದ ಜೊತೆಗೆ ಓಡಾಟದ ಖರ್ಚು ಏಕೆ?



ಮನಃಶಾಸ್ತ್ರ ಓದುವ ಮಕ್ಕಳಿಗೆ ಪ್ರಾಯೋಗಿಕ ತರಬೇತಿಯ ಓಡಾಟದ ಖರ್ಚನ್ನೂ ನಾವು ಏಕೆ ಕೊಡುತ್ತೇವೆ? ಅಂಧರ ಕ್ರಿಕೆಟ್ ಇದಕ್ಕೊಂದು ಉತ್ತರ.

ಈ ಆಟದ ಚೆಂಡು ಉರುಳುವಾಗ ಸದ್ದು ಮಾಡುತ್ತದೆ. ತಂಡದ 11 ಮಂದಿಯಲ್ಲಿ ಕನಿಷ್ಠ 4 ಮಂದಿ ಪೂರ್ಣ ಅಂಧರಿರಬೇಕು. 2012ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂಧರ ಟಿ-20 ವಿಶ್ವಕಪ್ಪನ್ನು ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್ ನಾಯಕತ್ವದ ಭಾರತ ತಂಡ ಗೆದ್ದಿತು.

ಪಂದ್ಯದ ಒತ್ತಡ ಇವರಿಗೂ ಇದೆ. ಆದರೆ 'ಗೆಲುವನ್ನು ಕಣ್ಮುಂದೆ ತಂದುಕೊಳ್ಳಿ' ಎಂಬ ಪುಸ್ತಕದ ಪಾಠ ಹುಟ್ಟು ಅಂಧರಿಗೆ ಹೊಂದದು. ಚೆಂಡಿನ ಸದ್ದು, ಬ್ಯಾಟಿನ ಹಿಡಿತ, ಹೆಜ್ಜೆಯ ಲೆಕ್ಕವನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡಿಸಬೇಕು. ವಿದ್ಯಾರ್ಥಿ ಬರಿದೇ ತಲೆದೂಗಿದರೆ ಸಾಲದು. ಕೇಳುತ್ತಿದ್ದೇನೆಂದು ಬಾಯಿಬಿಟ್ಟು ಹೇಳಬೇಕು. ಬಂದಾಗ ಹೆಸರು ಹೇಳಬೇಕು, ಹೊರಡುವಾಗ ತಿಳಿಸಬೇಕು, ಕೇಳದೆ ಕೈ ಹಿಡಿಯಬಾರದು. ಅವರಿಗೆ ಬೇಕಾದದ್ದು ತರಬೇತಿ, ಕನಿಕರವಲ್ಲ.

ಇದನ್ನು ಅನುಭವಿಗಳ ಮೇಲ್ವಿಚಾರಣೆಯಲ್ಲಿ ಮೈದಾನದಲ್ಲೇ ಕಲಿಯಬೇಕು. ಬಸ್ ಖರ್ಚಿಗೆ ಹಣವಿಲ್ಲದೆ ಆ ದಿನಗಳು ತಪ್ಪಿದರೆ, ಪದವಿ ಬಂದರೂ ಕೆಲಸ ಕೈಗೆ ಹತ್ತುವುದಿಲ್ಲ. ಆದ್ದರಿಂದ ಅರ್ಜಿದಾರರು ತರಬೇತಿಯ ಸ್ಥಳ, ದಿನಗಳು ಮತ್ತು ಪ್ರಯಾಣದ ವೆಚ್ಚವನ್ನು ಅರ್ಜಿಯಲ್ಲಿ ತಪ್ಪದೆ ನಮೂದಿಸಬೇಕು.

ದಾನಿಗಳ ಈ ಸೇವೆಯನ್ನು ಅಲ್ಲಾಹನು ಸ್ವೀಕರಿಸಲಿ, ಆಮೀನ್.